ಮೊದ್ಲು ಕತ್ತರಿ, ಆಮೇಲೆ ಸೂತ್ರ

ಸಂಪಾದಕರೇ,

ನನ್ನ ಮಗಳಿಗೆ ವಿಸ್ತೀರ್ಣದ ಸೂತ್ರ ಬಾಯಿಪಾಠ, ಆದ್ರೆ ಎಲ್ ಆಕಾರದ ಚಿತ್ರ ಕೊಟ್ರೆ ಸುಮ್ನೆ ಕೂತುಬಿಡ್ತಿದ್ಲು. ಮೊನ್ನೆ ಮಳೆ ರಜೆಯಲ್ಲಿ ಹಳೇ ರಟ್ಟಿಂದ 8ಕ್ಕೆ 6 ಸೆಂ.ಮೀ. ತುಂಡು ಮಾಡಿ ಒಂದು ಮೂಲೆಯಿಂದ 3ಕ್ಕೆ 2ರ ಚೂರು ಕತ್ತರಿಸು ಅಂದೆ, ವಿಸ್ತೀರ್ಣ 48ರಿಂದ 42 ಚದರ ಸೆಂ.ಮೀ.ಗೆ ಇಳೀತು, ಆದ್ರೆ ದಾರ ಇಟ್ಟು ಸುತ್ತ ಅಳೆದ್ರೆ ಮೊದಲಿನಷ್ಟೇ, 28! ನಂಬದೆ ಎರಡು ಸಲ ಅಳೆದ್ಲು. ಅಷ್ಟೇ ಅಳತೆಯ ಚೂರನ್ನ ಅಂಥದೇ ಇನ್ನೊಂದು ತುಂಡಿನ ಉದ್ದದ ಬದಿ ನಡುವಿಂದ, 2 ಸೆಂ.ಮೀ. ಆಳಕ್ಕೆ ತೆಗೆದಾಗ ಸುತ್ತಳತೆ 32 ಆಯ್ತು. ಆಮೇಲೆ ಟೇಪ್ ಹಿಡ್ಕೊಂಡು ನಮ್ಮ ಕಾಫಿ ಕಣಾನ ಎರಡು ಆಯತ ಮಾಡಿ ಅವಳೇ ಲೆಕ್ಕ ಹಾಕಿದ್ಲು. ಕೊಡಗಿನ ಶಾಲೆಗಳಲ್ಲಿ ಬೋರ್ಡ್ ಮೇಲೆ ಸೂತ್ರ ಬರೆಯೋ ಮೊದ್ಲು ಮಕ್ಕಳ ಕೈಗೆ ರಟ್ಟು, ಕತ್ತರಿ ಕೊಡಿ, ದಯವಿಟ್ಟು.

— ಒಬ್ಬ ತಾಯಿ, ಸೋಮವಾರಪೇಟೆ