ಡಿಸ್‌ಚಾರ್ಜ್ ಅಧಿಕಾರ ನರ್ಸ್‌ಗಳಿಗೂ ಇರಲಿ

ಮಾನ್ಯರೇ,

ಶಿವಮೊಗ್ಗದ ಆಸ್ಪತ್ರೆಗಳಲ್ಲಿ ಬೆಳಗಿನ ರೌಂಡ್ಸ್‌ನಲ್ಲೇ ‘ಇವತ್ತು ಮನೆಗೆ ಹೋಗಬಹುದು’ ಎನ್ನಿಸಿಕೊಂಡ ರೋಗಿ, ಡಿಸ್‌ಚಾರ್ಜ್ ಪತ್ರಕ್ಕೆ ವೈದ್ಯರ ಸಹಿ ಬೀಳುವ ತನಕ ಸಂಜೆಯವರೆಗೂ ಕಾಯುವುದುಂಟು. ವೈದ್ಯರನ್ನು ದೂರಿ ಫಲವಿಲ್ಲ. ಅವರು ಆಪರೇಷನ್ ಥಿಯೇಟರಿನಲ್ಲೋ ಹೊರರೋಗಿ ವಿಭಾಗದಲ್ಲೋ ಇರುತ್ತಾರೆ. ಆದರೆ ನಿಟ್ಟೂರು, ಆಗುಂಬೆ ಕಡೆಯವರಿಗೆ ಆ ತಡವೆಂದರೆ ಕೊನೆಯ ಬಸ್ಸು ತಪ್ಪಿ, ಹೊಲಿಗೆ ಹಾಕಿದ ಹೊಟ್ಟೆ ಹಿಡಿದುಕೊಂಡು ಬಾಡಿಗೆ ಕಾರಿನಲ್ಲಿ ತಿರುವುಗಳನ್ನು ದಾಟುವುದು, ಇಲ್ಲವೇ ಇನ್ನೊಂದು ರಾತ್ರಿ ವಾರ್ಡಿನಲ್ಲೇ ಕಳೆಯುವುದು. ಅತ್ತ ತುರ್ತು ವಿಭಾಗದಲ್ಲಿ ಆ ಹಾಸಿಗೆಗಾಗಿ ಮತ್ತೊಬ್ಬರು ಕಾದಿರುತ್ತಾರೆ.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಆಸ್ಪತ್ರೆಗಳಲ್ಲಿ ಇದಕ್ಕೊಂದು ಕ್ರಮವಿದೆ. ಜ್ವರ ಇಳಿದಿರಬೇಕು, ಆಹಾರ ಸೇರಬೇಕು, ನಡೆದಾಡುವಂತಿರಬೇಕು ಎಂಬಂಥ ಮಾನದಂಡಗಳನ್ನು ತಜ್ಞ ವೈದ್ಯರೇ ಮೊದಲು ಬರೆದಿಡುತ್ತಾರೆ. ಅವು ಪೂರೈಸಿದಾಗ ತರಬೇತಿ ಪಡೆದ ನರ್ಸ್ ಅಥವಾ ಫಿಸಿಯೋಥೆರಪಿಸ್ಟ್ ರೋಗಿಯನ್ನು ಮನೆಗೆ ಕಳುಹಿಸುತ್ತಾರೆ. ಒಂದು ತಪ್ಪಿದರೂ ವಿಷಯ ವೈದ್ಯರಿಗೇ ಮರಳುತ್ತದೆ.

ನಮ್ಮಲ್ಲಿಯೂ ಹರ್ನಿಯಾ, ಸಹಜ ಹೆರಿಗೆಯಂಥ ಪ್ರಕರಣಗಳಿಂದ ಇದನ್ನು ಆರಂಭಿಸಬಹುದು. ಎಲ್ಲಕ್ಕೂ ಸಲ್ಲದು, ನಿಜ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯಲ್ಲಿ ಇಳಿದ ಜ್ವರ ಕೆಲವರಿಗೆ ಒಂದೆರಡು ವಾರದಲ್ಲಿ ಮರುಕಳಿಸಿ ಮಿದುಳನ್ನೂ ಬಾಧಿಸುತ್ತದೆ; ಅಂಥವರ ವಿಷಯದಲ್ಲಿ ವೈದ್ಯರೇ ನಿರ್ಧರಿಸಲಿ.

ಫಿಸಿಯೋಥೆರಪಿಸ್ಟ್‌ಗಳಂಥವರಿಗೆ ಅನ್ವಯಿಸುವ 2021ರ ಅಲೈಡ್ ಆರೋಗ್ಯ ವೃತ್ತಿಪರರ ಕಾಯ್ದೆಯೂ 2023ರ ನರ್ಸಿಂಗ್ ಆಯೋಗದ ಕಾಯ್ದೆಯೂ ಬಂದಿರುವಾಗ, ಈ ಹೊಣೆಗೆ ಲಿಖಿತ ನಿಯಮ, ಕಾನೂನಿನ ರಕ್ಷಣೆ ಒದಗಿಸುವುದು ಸರ್ಕಾರದ ಕೆಲಸ. ಖಾಲಿ ಹುದ್ದೆ ತುಂಬದೆ, ಈಗಿರುವ ನರ್ಸ್‌ಗಳ ಮೇಲೆಯೇ ಇದನ್ನೂ ಹೇರುವುದಾದರೆ ಮಾತ್ರ ನನ್ನ ಸಮ್ಮತಿಯಿಲ್ಲ.

– ಓರ್ವ ಓದುಗ, ಹೊಸನಗರ