ಒಂದೇ ಕುರ್ಚಿಯಲ್ಲಿ 57 ವರ್ಷ

ಪ್ರಿಯ ಗೆಳೆಯಾ,

ಹೊಸ ವರ್ಷದ ದಿನ ಆಸ್ಟ್ರಿಯಾದ ವಿಯೆನ್ನಾದ ವಾದ್ಯವೃಂದದ ಕಛೇರಿಯನ್ನು ಟಿವಿಯಲ್ಲಿ ನೋಡಿ ನೀನೊಂದು ಪ್ರಶ್ನೆ ಕೇಳಿದ್ದೆಯಲ್ಲ, "ಅಷ್ಟೊಂದು ಜನ ಪಿಟೀಲು ಹಿಡ್ಕೊಂಡು ಕೂತಿದ್ದಾರೆ, ಕಂಡಕ್ಟರ್ ಬಂದವನೇ ಮೊದಲ ಕುರ್ಚಿಯವರ ಕೈ ಮಾತ್ರ ಯಾಕೆ ಕುಲುಕ್ತಾನೆ?" ಅಂತ. ಫೋನಿನಲ್ಲಿ ಏನೋ ಹೇಳಿ ಮುಗಿಸಿಬಿಟ್ಟೆ. ಎರಡು ಮಾತಿನಲ್ಲಿ ಮುಗಿಯುವ ವಿಷಯ ಅಲ್ಲ ಅದು. ಅದಕ್ಕೇ ಈ ಪತ್ರ. ಇನ್ನೂ ನಾಲ್ಕು ಜನ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡ.

ಕಂಡಕ್ಟರ್ ಅಂದರೆ ಮುಂದೆ ನಿಂತು ಕೋಲು ಬೀಸಿ ವೃಂದವನ್ನು ನಡೆಸುವವರು. ಆ ಮೊದಲ ಕುರ್ಚಿಯವರೇ ಕನ್ಸರ್ಟ್‌ಮಾಸ್ಟರ್. ನಮ್ಮ ಕಛೇರಿಯಲ್ಲಿ ಪಿಟೀಲಿನವರು ಹಾಡುವವರ ಬೆನ್ನಿಗೇ ಇರಬೇಕು, ಅವರು ಎತ್ತ ತಿರುಗಿದರೆ ಅತ್ತ ತಿರುಗಬೇಕು. ಅಲ್ಲಿ ಕೆಲಸವೇ ಬೇರೆ. ಬರೆದಿಟ್ಟ ಸ್ವರವನ್ನು ಇಪ್ಪತ್ತೈದು ಮೂವತ್ತು ಪಿಟೀಲುಗಳು ಒಂದೇ ಪಿಟೀಲಿನ ಹಾಗೆ ನುಡಿಸಬೇಕು. ಕಮಾನು ಎಲ್ಲಿ ಎಳೆಯಬೇಕು, ಎಲ್ಲಿ ತಳ್ಳಬೇಕು, ಯಾವ ಸ್ವರಕ್ಕೆ ಎಷ್ಟು ಉದ್ದ ಅಂತ ಕನ್ಸರ್ಟ್‌ಮಾಸ್ಟರ್ ಮೊದಲೇ ಪೆನ್ಸಿಲಿನಲ್ಲಿ ಗುರುತು ಹಾಕಿರುತ್ತಾರೆ. ಅದೇ ಗುರುತು ಕಡೇ ಸಾಲಿನವರ ಹಾಳೆಯ ತನಕ ಹೋಗುತ್ತದೆ. ಟಿವಿಯಲ್ಲಿ ಎಲ್ಲರ ಕಮಾನೂ ಒಟ್ಟಿಗೆ ಮೇಲೇರಿ ಒಟ್ಟಿಗೆ ಇಳಿಯುವುದನ್ನು ನೋಡಿ ಖುಷಿಪಟ್ಟೆಯಲ್ಲ, ಅದು ಈ ಪೆನ್ಸಿಲಿನ ಕೆಲಸ.

ಕಂಡಕ್ಟರ್ ಕೈಲಿರುವ ಕೋಲಿನಿಂದ ಸದ್ದು ಬರುವುದಿಲ್ಲ. ಸದ್ದು ಶುರುವಾಗುವುದು ಮೊದಲ ಕುರ್ಚಿಯಿಂದ. ಹಿಂದೆ ಕೂತವರು ಒಂದು ಕಣ್ಣು ಕೋಲಿನ ಮೇಲೆ ಇಟ್ಟರೆ ಇನ್ನೊಂದನ್ನು ಈ ಕಮಾನಿನ ಮೇಲೆ ಇಟ್ಟಿರುತ್ತಾರೆ. ನಡುವೆ ಒಂಟಿಯಾಗಿ ನುಡಿಸುವ ಭಾಗ ಬಂದರೆ ಅದೂ ಇವರ ತಲೆ ಮೇಲೆಯೇ. ಸಂಗೀತ ಬರೆಯುತ್ತಿದ್ದ, ಕಂಡಕ್ಟರೂ ಆಗಿದ್ದ ಗುಸ್ತಾವ್ ಮಾಲರ್ ಅವರ ನಾಲ್ಕನೇ ಸಿಂಫೊನಿಯ (ವಾದ್ಯವೃಂದಕ್ಕೆ ಬರೆದ ದೊಡ್ಡ ಕೃತಿ) ಎರಡನೇ ಭಾಗ ಬಂದಾಗ ನೋಡು, ಕನ್ಸರ್ಟ್‌ಮಾಸ್ಟರ್ ಪಕ್ಕದಲ್ಲಿ ಎರಡು ಪಿಟೀಲು ಇರುತ್ತವೆ. ಒಂದರ ನಾಲ್ಕೂ ತಂತಿಗಳನ್ನು ಒಂದು ಪೂರ್ತಿ ಸ್ವರದಷ್ಟು ಏರಿಸಿ ಬಿಗಿ ಮಾಡಿರುತ್ತಾರೆ. ಸಾವು ಬೀದಿ ಪಿಟೀಲು ನುಡಿಸುತ್ತಾ ಬಂದ ಹಾಗೆ ಕರಕರ ಅನ್ನಬೇಕು ಅದು. ನುಡಿಸುತ್ತಾ ನುಡಿಸುತ್ತಾ ಒಂದನ್ನು ಕೆಳಗಿಟ್ಟು ಇನ್ನೊಂದನ್ನು ಎತ್ತಿಕೊಳ್ಳಬೇಕು, ಬೆರಳು ದಾರಿ ತಪ್ಪಬಾರದು.

ವಿಯೆನ್ನಾದಲ್ಲಿ ಆ ಕುರ್ಚಿಯಲ್ಲಿ ಒಬ್ಬರು 57 ವರ್ಷ ಕೂತಿದ್ದರು. ನಾನು ಬರೆಯಬೇಕು ಅಂತ ಕೂತಿದ್ದೇ ಅವರ ಬಗ್ಗೆ. ಹೆಸರು ಆರ್ನಾಲ್ಡ್ ರೋಸೆ. 1863ರಲ್ಲಿ ಈಗಿನ ರೊಮೇನಿಯಾದ ಯಾಶ್ ಊರಿನಲ್ಲಿ ಯಹೂದಿ ಕುಟುಂಬದಲ್ಲಿ ಹುಟ್ಟಿದವರು. ವಿಯೆನ್ನಾಕ್ಕೆ ಬಂದು ಕಲಿತರು. 1881ರಲ್ಲಿ ಹಾನ್ಸ್ ರಿಕ್ಟರ್ ಕಂಡಕ್ಟ್ ಮಾಡುತ್ತಿರುವಾಗ ಗೋಲ್ಡ್‌ಮಾರ್ಕ್ ಅವರ ಕನ್ಸರ್ಟೊ, ಅಂದರೆ ಒಂಟಿ ಪಿಟೀಲಿಗೂ ವೃಂದಕ್ಕೂ ಸೇರಿಸಿ ಬರೆದ ಕೃತಿ, ನುಡಿಸಿದರು. ಅದೇ ವರ್ಷ ಆಸ್ಥಾನದ ಆಪೆರಾದ (ಹಾಡಿನಲ್ಲೇ ನಡೆಯುವ ನಾಟಕ) ವಾದ್ಯವೃಂದಕ್ಕೆ ಕನ್ಸರ್ಟ್‌ಮಾಸ್ಟರ್ ಆಗಿ ಸೇರಿಕೊಂಡರು. ಆಗ ವಯಸ್ಸು 17. ಮೀಸೆ ಸರಿಯಾಗಿ ಬಂದಿತ್ತೋ ಇಲ್ಲವೋ! ಅಲ್ಲಿ ಇನ್ನೊಂದು ವಿಶೇಷ ಇದೆ. ರಾತ್ರಿ ಆಪೆರಾಕ್ಕೆ ನುಡಿಸುವವರೇ ಸೇರಿ ನಡೆಸುವ ತಂಡ ವಿಯೆನ್ನಾ ಫಿಲ್ಹಾರ್ಮೋನಿಕ್. 1842ರಿಂದ ನಡೆದುಕೊಂಡು ಬಂದಿದೆ. ಯಾರು ಕಂಡಕ್ಟ್ ಮಾಡಬೇಕು ಅನ್ನುವುದನ್ನೂ ಅವರೇ ಆರಿಸುತ್ತಾರೆ. ಅಂಥ ಕಡೆ ಹುಡುಗನೊಬ್ಬ ಹಿರಿಯರನ್ನೆಲ್ಲ ಹಿಂದೆ ಕೂರಿಸಿಕೊಂಡು ನುಡಿಸಬೇಕು ಅಂದರೆ ಸುಮ್ನೆ ಮಾತಲ್ಲ.

1897ರಲ್ಲಿ ಮಾಲರ್ ಆ ಆಪೆರಾಕ್ಕೆ ನಿರ್ದೇಶಕರಾಗಿ ಬಂದರು. ಮಹಾ ಕಟ್ಟುನಿಟ್ಟಿನ ಮನುಷ್ಯ. ರಿಹರ್ಸಲ್‌ನಲ್ಲಿ ಯಾರನ್ನೂ ಬಿಡುತ್ತಿರಲಿಲ್ಲ, ವಾದ್ಯಗಾರರಿಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ರೋಸೆಗೆ ಮಾತ್ರ ಅವರು ಬರೀ ಮೇಲಧಿಕಾರಿ ಆಗಿರಲಿಲ್ಲ, ಬೀಗರೂ ಹೌದು. 1902ರ ಮಾರ್ಚ್ 9ರಂದು ಮಾಲರ್ ಮದುವೆ, ಸಾಕ್ಷಿ ಹಾಕಿದವರಲ್ಲಿ ರೋಸೆ ಒಬ್ಬರು. ಮಾರನೇ ದಿನ ಮಾಲರ್ ತಂಗಿ ಯುಸ್ಟೀನ್ ಜೊತೆ ರೋಸೆ ಮದುವೆ. ಅಣ್ಣನ ಮನೆಯನ್ನು ಅಷ್ಟು ವರ್ಷ ನೋಡಿಕೊಂಡಿದ್ದವಳು ಅವಳೇ, ಅವನ ಮದುವೆ ಆಗುವ ತನಕ ಕಾದಳು ಅಂತ ಕಾಣುತ್ತೆ. ರೋಸೆಯ ಅಣ್ಣ ಎಡುವರ್ಡ್ ಅದಕ್ಕೂ ಮೊದಲೇ ಮಾಲರ್ ಅವರ ಇನ್ನೊಬ್ಬ ತಂಗಿಯನ್ನು ಮದುವೆಯಾಗಿದ್ದರು. ನಮ್ಮ ಕಡೆಯ ಸಂಬಂಧಗಳನ್ನೂ ಮೀರಿಸಿದ ಹಾಗಿದೆ, ಅಲ್ವಾ?

ರೋಸೆ ಹೆಸರಿನದೇ ಒಂದು ಕ್ವಾರ್ಟೆಟ್ ಇತ್ತು, ನಾಲ್ಕು ಜನರ ತಂಡ. ಅಂಥ ತಂಡಕ್ಕೆ ಬರೆದ ಕೃತಿಗೂ ಇದೇ ಹೆಸರು. 1890ರಲ್ಲಿ ಬ್ರಾಮ್ಸ್ ಬರೆದ ಜಿ ಮೇಜರ್ ಕ್ವಿಂಟೆಟ್ (ಐದು ಜನ ನುಡಿಸುವ ಕೃತಿ) ಅನ್ನು ಇನ್ನೊಬ್ಬರನ್ನು ಸೇರಿಸಿಕೊಂಡು ಮೊದಲು ನುಡಿಸಿದ್ದು ಇವರ ತಂಡ. ಅಷ್ಟಕ್ಕೇ ನಿಂತಿದ್ದರೆ ಹಳೇ ಕಾಲದ ದೊಡ್ಡ ಮನುಷ್ಯ ಅಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಶೋನ್‌ಬರ್ಗ್ ಅನ್ನುವ ಯುವಕ ಊರಿನವರಿಗೆಲ್ಲ ಬೇಡವಾದ ಸಂಗೀತ ಬರೆಯುತ್ತಿದ್ದಾಗ, ಅದನ್ನು ಮೊದಲು ವೇದಿಕೆಗೆ ತಂದವರೂ ಇವರೇ. 1908ರ ಡಿಸೆಂಬರ್ 21ರಂದು ಅವನ ಎರಡನೇ ಕ್ವಾರ್ಟೆಟ್ ನುಡಿಸಿದಾಗ ಸಭೆಯಲ್ಲಿ ನಗು, ಕೂಗಾಟ. ಅದರಲ್ಲಿ ಒಬ್ಬ ಗಾಯಕಿಯೂ ಹಾಡಬೇಕಿತ್ತು, ಪಾಪ. ರೋಸೆ ಕಮಾನು ಕೆಳಗಿಡಲಿಲ್ಲ, ಕೊನೇ ತನಕ ನುಡಿಸಿಯೇ ಎದ್ದರು. ನನಗೆ ಈ ಮನುಷ್ಯ ಹಿಡಿಸಿದ್ದು ಇಲ್ಲಿಂದ. ಹೊಸದು ಇಷ್ಟವೋ ಇಲ್ಲವೋ ಆಮೇಲಿನ ಮಾತು, ಮೊದಲು ಅದು ಸರಿಯಾಗಿ ಕೇಳಿಸಲಿ ಅನ್ನುವ ಜಾತಿ.

ಅವರ ಪಿಟೀಲು ಹೇಗಿತ್ತು ಅಂತ ಈಗಲೂ ಕೇಳಬಹುದು. 1927ರಲ್ಲಿ ಬೀಥೋವನ್‌ನ 131ನೇ ಕೃತಿಯ ಕ್ವಾರ್ಟೆಟ್ ರೆಕಾರ್ಡ್ ಮಾಡಿದ್ದಾರೆ. ಈಗಿನವರ ಹಾಗೆ ಪ್ರತಿ ಸ್ವರಕ್ಕೂ ಬೆರಳು ನಡುಗಿಸುವುದಿಲ್ಲ. ಸ್ವರ ನೆಟ್ಟಗೆ ನಿಲ್ಲುತ್ತದೆ. ಮೊದಲ ಸಲ ಕೇಳಿದಾಗ ಒಣ ಒಣ ಅನ್ನಿಸಬಹುದು, ತಾಳ್ಮೆ ಇರಲಿ. ಒಂದು ಸ್ವರದಿಂದ ಇನ್ನೊಂದಕ್ಕೆ ಬೆರಳು ಜಾರುವುದನ್ನು ಗಮನಿಸು. ಜಾರು ಹಿಡಿಯಲು ತಿಂಗಳುಗಟ್ಟಲೆ ಮೇಷ್ಟ್ರ ಹತ್ತಿರ ಬೈಸಿಕೊಂಡವನು ನೀನು, ನಿನಗೆ ಥಟ್ಟನೆ ಸಿಗುತ್ತದೆ.

ಈಗ ಮಗಳ ಕಥೆ. ಅದಿಲ್ಲದೆ ಅಪ್ಪನ ಕಥೆ ಅರ್ಧ.

1906ರಲ್ಲಿ ಹುಟ್ಟಿದ ಆಲ್ಮಾಗೆ ಹೆಸರಿಟ್ಟಿದ್ದು ಮಾಲರ್ ಹೆಂಡತಿಯದು. ಅಪ್ಪನೇ ಗುರು. ಚೆನ್ನಾಗಿಯೇ ನುಡಿಸುತ್ತಿದ್ದಳು. ಆದರೆ ಅಪ್ಪ ಕೂರುತ್ತಿದ್ದ ವಾದ್ಯವೃಂದದಲ್ಲಿ ಕಡೇ ಸಾಲಿನ ಕುರ್ಚಿಯೂ ಅವಳಿಗೆ ಸಿಗುವ ಹಾಗಿರಲಿಲ್ಲ. ಅಲ್ಲಿ ಹೆಂಗಸರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ವಿಯೆನ್ನಾ ಫಿಲ್ಹಾರ್ಮೋನಿಕ್ ಹೆಂಗಸರನ್ನು ಸದಸ್ಯರನ್ನಾಗಿ ಒಪ್ಪಿಕೊಂಡಿದ್ದು 1997ರಲ್ಲಿ! ಹಾಗಾಗಿ ಆಲ್ಮಾ 1930ರ ದಶಕದ ಮೊದಲಲ್ಲಿ ತನ್ನದೇ ಹುಡುಗಿಯರ ತಂಡ ಕಟ್ಟಿ ವಾಲ್ಟ್ಸ್ ಅನ್ನುವ ಕುಣಿತದ ಸಂಗೀತ ನುಡಿಸಿಕೊಂಡು ಯುರೋಪೆಲ್ಲ ಸುತ್ತಿದಳು. ಸಂಗೀತ ಹಗುರದ್ದು, ತಾಲೀಮು ಮಾತ್ರ ಅಪ್ಪನ ಮನೆಯದು.

1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ. ಯಹೂದಿ ಅನ್ನುವ ಕಾರಣಕ್ಕೆ ರೋಸೆಯನ್ನು ಕೆಲಸದಿಂದ ತೆಗೆದರು. ವಯಸ್ಸು 74. ಅದೇ ಆಗಸ್ಟ್‌ನಲ್ಲಿ ಹೆಂಡತಿ ತೀರಿಕೊಂಡಳು. ರೋಸೆ ಪಕ್ಕದಲ್ಲಿ ಕನ್ಸರ್ಟ್‌ಮಾಸ್ಟರ್ ಆಗಿದ್ದ ಯೂಲಿಯುಸ್ ಸ್ಟ್ವೆರ್ಟ್ಕಾ 1942ರಲ್ಲಿ ನಾಜಿಗಳ ಟೆರೇಸಿಯನ್‌ಸ್ಟಾಟ್ ಕ್ಯಾಂಪಿನಲ್ಲಿ ಸತ್ತರು. ಅಣ್ಣ ಎಡುವರ್ಡ್ ಸತ್ತಿದ್ದೂ ಅಲ್ಲೇ, 1943ರಲ್ಲಿ. ಆ ಹೊತ್ತಿಗೆ ಫಿಲ್ಹಾರ್ಮೋನಿಕ್‌ನಲ್ಲಿ ಉಳಿದವರ ಪೈಕಿ ಹತ್ತಿರ ಹತ್ತಿರ ಅರ್ಧದಷ್ಟು ಜನ ನಾಜಿ ಪಕ್ಷದ ಸದಸ್ಯರಾಗಿದ್ದರು. ಪಕ್ಕದ ಡೆಸ್ಕಿನವನೇ ಪಕ್ಷದ ಚೀಟಿ ಜೇಬಿನಲ್ಲಿ ಇಟ್ಟುಕೊಂಡಿದ್ದ ಅಂದರೆ ಹೇಗಿದ್ದಿರಬೇಕು ನೋಡು.

ಅಪ್ಪ ಮಗಳು 1939ರಲ್ಲಿ ಲಂಡನ್ ಸೇರಿದರು. ವಿಯೆನ್ನಾದ ಹಳೇ ಜೊತೆಗಾರ, ಸೆಲ್ಲೊ (ಕಾಲ ನಡುವೆ ಇಟ್ಟು ನುಡಿಸುವ ದೊಡ್ಡ ಪಿಟೀಲಿನಂಥ ವಾದ್ಯ) ನುಡಿಸುವ ಬುಕ್ಸ್‌ಬಾಮ್ ಕೂಡ ಅಲ್ಲಿಗೆ ಬಂದಿದ್ದರಿಂದ ಕ್ವಾರ್ಟೆಟ್ ಮತ್ತೆ ಶುರುವಾಯಿತು. ಆದರೆ ಅದರಿಂದ ಹೊಟ್ಟೆ ತುಂಬಬೇಕಲ್ಲ. ಹಾಲೆಂಡಿನಲ್ಲಿ ಕಛೇರಿ ಸಿಗುತ್ತಿವೆ, ನಾಲ್ಕು ಕಾಸು ಮಾಡಿಕೊಂಡು ಬರುತ್ತೇನೆ ಅಂತ ಆಲ್ಮಾ ಹೊರಟಳು. 1940ರ ಮೇ ತಿಂಗಳಲ್ಲಿ ಜರ್ಮನ್ನರು ಹಾಲೆಂಡಿಗೆ ನುಗ್ಗಿದರು. ಅಲ್ಲೇ ಸಿಕ್ಕಿಕೊಂಡಳು. 1942ರ ಕೊನೆಗೆ ಫ್ರಾನ್ಸ್ ಮೂಲಕ ತಪ್ಪಿಸಿಕೊಳ್ಳಲು ನೋಡಿದಾಗ ಹಿಡಿದರು. 1943ರ ಜುಲೈನಲ್ಲಿ ನಾಜಿಗಳು ಜನರನ್ನು ಕೊಲ್ಲುತ್ತಿದ್ದ ಕ್ಯಾಂಪು ಆಶ್ವಿಟ್ಸ್‌ಗೆ ಸಾಗಿಸಿದರು.

ಅಲ್ಲಿ ಹೆಂಗಸರ ಕ್ಯಾಂಪಿನಲ್ಲಿ ಒಂದು ವಾದ್ಯವೃಂದ ಇತ್ತು. ಬೆಳಿಗ್ಗೆ ಕೈದಿಗಳು ಕೂಲಿಗೆ ಹೊರಡುವಾಗ, ಸಂಜೆ ಸುಸ್ತಾಗಿ ವಾಪಸ್ ಬರುವಾಗ ಗೇಟಿನ ಹತ್ತಿರ ಕೂತು ಮಾರ್ಚ್ ನುಡಿಸಬೇಕು. ಹೆಜ್ಜೆ ಸರಿಯಾಗಿ ಬಿದ್ದರೆ ತಲೆ ಎಣಿಸುವುದು ಸುಲಭ. ಅದನ್ನು ಆಲ್ಮಾ ಕೈಗೆ ಕೊಟ್ಟರು. ಇದ್ದದ್ದು ಮ್ಯಾಂಡೊಲಿನ್, ಅಕಾರ್ಡಿಯನ್, ಕೊಳಲು, ಗಿಟಾರ್, ಕೆಲವು ಪಿಟೀಲು. ಬಹಳಷ್ಟು ಹುಡುಗಿಯರು ಶಾಲೆಯಲ್ಲಿ ಅಷ್ಟಿಷ್ಟು ಕಲಿತವರು. ಯಾವ ವಾದ್ಯಕ್ಕೆ ಏನು ಅಂತ ಬರೆದ ಹಾಳೆಗಳಿಲ್ಲ. ಪಿಯಾನೊ ಪುಸ್ತಕ ಸಿಕ್ಕರೆ ಅದರಿಂದ, ಇಲ್ಲದಿದ್ದರೆ ನೆನಪಿನಿಂದ, ಇದ್ದ ವಾದ್ಯಗಳಿಗೆ ಹೊಂದುವ ಹಾಗೆ ಅವಳು ಹಂಚಿ ಬರೆಸಿದಳು. ದಿನವಿಡೀ ತಾಲೀಮು. ಅನಿತಾ ಲಾಸ್ಕರ್ ಅನ್ನುವ ಹದಿಹರೆಯದ ಹುಡುಗಿ ಸೆಲ್ಲೊ ನುಡಿಸುತ್ತಿದ್ದಳು. ಅವಳಿಗೆ ಟೈಫಸ್ ಜ್ವರ ಬಂದು ಆಗಷ್ಟೇ ಎದ್ದಿದ್ದಳು, ಸರಿಯಾಗಿ ನುಡಿಸಲಾಗಲಿಲ್ಲ. ಅದಕ್ಕೆ ಆಲ್ಮಾ ಕೊಟ್ಟ ಶಿಕ್ಷೆ, ಒಂದು ವಾರ ಮಂಡಿಯೂರಿ ಬ್ಯಾರಕ್ಕಿನ ನೆಲ ತೊಳೆಯಬೇಕು.

ಇದನ್ನು ಓದಿದಾಗ ನನಗೆ ಆಲ್ಮಾ ಮೇಲೆ ಸಿಟ್ಟೇ ಬಂತು. ಹೊಗೆ ಕಾಣುವಷ್ಟು ದೂರದಲ್ಲಿ ಜನರನ್ನು ಕೊಲ್ಲುತ್ತಿದ್ದಾರೆ, ಇವಳಿಗೆ ಒಂದು ಅಪಸ್ವರದ ಚಿಂತೆಯೇ? ಆದರೆ ಅದೇ ಅನಿತಾ ಮುಂದೆ ಆ ಕಟ್ಟುನಿಟ್ಟನ್ನು ಹೊಗಳಿಯೇ ಮಾತಾಡಿದ್ದಾರೆ. ಕಿಟಕಿಯ ಆಚೆ ನೋಡಲು ಪುರಸೊತ್ತೇ ಕೊಡದ ಹಾಗೆ ಆಲ್ಮಾ ಅವರನ್ನು ದುಡಿಸಿದಳು, ಅದರಿಂದಲೇ ಉಳಿದೆವು ಅನ್ನುವ ಅರ್ಥದಲ್ಲಿ. ನನಗೆ ಅದರಲ್ಲಿ ಇನ್ನೊಂದೂ ಕಾಣುತ್ತದೆ. ನುಡಿಸಾಣಿಕೆ ಕೆಟ್ಟರೆ ವೃಂದ ಇರುವುದಿಲ್ಲ, ವೃಂದ ಇಲ್ಲದಿದ್ದರೆ ಈ ಹುಡುಗಿಯರು ಇರುವುದಿಲ್ಲ. ಲೆಕ್ಕ ಅಷ್ಟು ನೇರ. ಕಲಿಯದವರನ್ನೂ ಎಳೆದುಕೊಂಡು ಎಲ್ಲರನ್ನೂ ಒಂದೇ ಶ್ರುತಿಗೆ ತರುವುದು ಕನ್ಸರ್ಟ್‌ಮಾಸ್ಟರನ ಕಸುಬು. ವಿಯೆನ್ನಾದಲ್ಲಿ ಕುರ್ಚಿ ಸಿಗದ ಮಗಳು ಅಪ್ಪನ ಕಸುಬನ್ನು ಪೂರ್ತಿಯಾಗಿ ಮಾಡಿದ್ದು ಅಲ್ಲಿ. 1944ರ ಏಪ್ರಿಲ್ ಮೊದಲ ವಾರ ಇದ್ದಕ್ಕಿದ್ದಂತೆ ಕಾಯಿಲೆ ಬಿದ್ದು ಅವಳು ಸತ್ತಳು. 37 ವರ್ಷ. ಅವಳ ಕೈಕೆಳಗೆ ನುಡಿಸಿದ ಹೆಚ್ಚಿನವರು ಬದುಕಿ ಹೊರಗೆ ಬಂದರು. ಅನಿತಾ ಲಂಡನ್ನಿಗೆ ಹೋಗಿ ಇಂಗ್ಲಿಷ್ ಚೇಂಬರ್ ಆರ್ಕೆಸ್ಟ್ರಾದ ಸ್ಥಾಪಕ ಸದಸ್ಯರಲ್ಲಿ ಒಬ್ಬರಾದರು.

ಮಗಳು ಇಲ್ಲ ಅನ್ನುವ ಸುದ್ದಿ ಅಪ್ಪನಿಗೆ ಮುಟ್ಟಿದ್ದು ಯುದ್ಧ ಮುಗಿದ ಮೇಲೆ. ಆಮೇಲೆ ವಿಯೆನ್ನಾದವರು ವಾಪಸ್ ಬನ್ನಿ ಅಂತ ಕರೆದರು. ನಾಜಿಗಳು ಇನ್ನೂ ಅಲ್ಲೇ ನುಡಿಸುತ್ತಾ ಕೂತಿದ್ದಾರೆ, ಬರುವುದಿಲ್ಲ ಅಂದರು ರೋಸೆ. 57 ವರ್ಷದ ಕುರ್ಚಿಯನ್ನು ಬೇಡ ಅನ್ನುವುದಕ್ಕೆ ಎಷ್ಟು ಗಟ್ಟಿ ಇರಬೇಕು. 1946ರ ಆಗಸ್ಟ್ 25ರಂದು ಲಂಡನ್ನಿನಲ್ಲೇ ತೀರಿಕೊಂಡರು. ಮಗ ಆಲ್ಫ್ರೆಡ್ ಮುಂದೆ ನೆಲೆಸಿದ್ದೂ ಲಂಡನ್ನಿನಲ್ಲೇ, ಆದರೆ ಅದು ಕೆನಡಾದ್ದು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು. ಮಾಲರ್ ಮತ್ತು ರೋಸೆ ಮನೆಗಳ ಕಾಗದಪತ್ರಗಳು ಈಗ ಆ ವಿಶ್ವವಿದ್ಯಾಲಯದಲ್ಲಿವೆ.

ರೋಸೆ ನುಡಿಸುತ್ತಿದ್ದ 1718ರ ಸ್ಟ್ರಾಡಿವೇರಿಯಸ್ ಪಿಟೀಲು ಆಸ್ಟ್ರಿಯಾದ ನ್ಯಾಷನಲ್ ಬ್ಯಾಂಕ್ ಸಂಗ್ರಹಕ್ಕೆ ಸೇರಿದೆ. ಬ್ಯಾಂಕಿನವರು ಅದನ್ನು ಫಿಲ್ಹಾರ್ಮೋನಿಕ್‌ನ ಕನ್ಸರ್ಟ್‌ಮಾಸ್ಟರ್ ಒಬ್ಬರಿಗೆ ನುಡಿಸಲು ಕೊಟ್ಟಿದ್ದಾರೆ. ಇನ್ನೊಂದು ವಿಷಯ ನಿನಗೆ ಖುಷಿ ಕೊಡಬಹುದು. ಬಲ್ಗೇರಿಯಾದ ಅಲ್ಬೇನಾ ಡನಾಯ್ಲೋವಾ ಅಲ್ಲಿ ಆ ಮೊದಲ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು. ಮುಂದಿನ ಸಲ ಟಿವಿಯಲ್ಲಿ ಬಂದಾಗ ಹುಡುಕು, ಕಂಡಕ್ಟರ್ ಕೈ ಕುಲುಕುವುದು ಅವರದ್ದೇ ಆಗಿರಬಹುದು.

1920ರ ದಶಕದ ಕೊನೆಯಲ್ಲಿ ಅಪ್ಪ ಮಗಳು ಸೇರಿ ಬಾಖ್‌ನ ಎರಡು ಪಿಟೀಲುಗಳ ಕನ್ಸರ್ಟೊ ರೆಕಾರ್ಡ್ ಮಾಡಿದ್ದಾರೆ. ಯೂಟ್ಯೂಬಿನಲ್ಲಿ ಸಿಗುತ್ತದೆ. ಹಳೇ ತಟ್ಟೆ, ಕರಕರ ಸದ್ದು ಜಾಸ್ತಿ, ಒಳ್ಳೇ ಹೆಡ್‌ಫೋನ್ ಹಾಕಿಕೋ. ನಡುವಿನ ನಿಧಾನದ ಭಾಗವನ್ನೇ ಮೊದಲು ಕೇಳು. ಇಬ್ಬರಲ್ಲಿ ಯಾರು ಎಲ್ಲಿ ನುಡಿಸುತ್ತಿದ್ದಾರೆ ಅಂತ ಹಾಳೆ ನೋಡದೆ ನಿನ್ನ ಕಿವಿಗೆ ಏನನ್ನಿಸುತ್ತದೋ ಬರೆದು ಕಳಿಸು. ನಾನಂತೂ ಪ್ರತಿ ಸಲವೂ ಬೇರೆ ಬೇರೆ ಹೇಳುತ್ತಿದ್ದೇನೆ. ಮನೆಯಲ್ಲಿ ಎಲ್ಲರಿಗೂ ಕೇಳಿದೆ ಅಂತ ಹೇಳು.

ಇಂತಿ ನಿನ್ನ
ಗೆಳೆಯ