ಡಬ್ಬಿ ತರಿಸುವ ಮೊದಲು

ಚಿ. ಸುಮಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮಲ್ಟಿವಿಟಮಿನ್ ಡಬ್ಬಿ ತರಿಸಲೇ ಎಂದು ಕೇಳಿದ್ದೀಯ. ಸದ್ಯಕ್ಕೆ ಬೇಡ. ನೀನು ತರುವ ಸೊಪ್ಪು, ಕಾಳು, ಹಣ್ಣಿನಲ್ಲಿ ಬೇಕಾದ್ದು ಬಹುಪಾಲು ಇದೆ. ಅದು ಹೊಟ್ಟೆಗೆ ಸೇರದೆ ಸಿಂಕಿಗೆ ಹೋಗುತ್ತಿದೆ, ಅಷ್ಟೆ.

ಸಿ ಮತ್ತು ಬಿ ಗುಂಪಿನ ವಿಟಮಿನ್‌ಗಳು ನೀರಿನಲ್ಲಿ ಕರಗುತ್ತವೆ. ಹೆಚ್ಚಿದ ಮೇಲೆ ಸೊಪ್ಪು ತೊಳೆದರೆ ಕತ್ತರಿಸಿದ ಅಂಚಿನಿಂದ ಸೋರಿಹೋಗುತ್ತವೆ. ಇಡಿಯಾಗಿ ಮೂರು ನೀರಿನಲ್ಲಿ ತೊಳೆದು, ಆಮೇಲೆ ಹೆಚ್ಚಿ, ಕೂಡಲೇ ಒಲೆಗಿಡು. ಬಸಿದ ಕಟ್ಟು ಚೆಲ್ಲಬೇಡ. ಬಸ್ಸಾರು ಇರುವುದೇ ಅದಕ್ಕೆ. ಅನ್ನವನ್ನೂ ಗಂಜಿ ಬಸಿಯದೆ ಇಂಗಿಸಿ ಮಾಡು. ಕಡಲೆಕಾಳು ಬೇಗ ಬೇಯಲೆಂದು ಸೋಡಾ ಹಾಕುತ್ತೀಯಲ್ಲ, ಅದು ಬಿ1 ಕೆಡಿಸುತ್ತದೆ. ರಾತ್ರಿಯಿಡೀ ನೆನೆಸಿದರೆ ಸೋಡಾದ ಹಂಗೇ ಇಲ್ಲ. ಚಿತ್ರಾನ್ನಕ್ಕೆ ನಿಂಬೆ ಹಿಂಡುವುದು ಒಲೆ ಆರಿಸಿದ ಮೇಲೆ. ಕಾಳಿನ ಪಲ್ಯಕ್ಕೂ ನಾಲ್ಕು ಹನಿ ಹಿಂಡು, ಸಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ಊಟದ ಬೆನ್ನಿಗೇ ಕಾಫಿ ಕುಡಿದರೆ ಆ ಲಾಭ ಹೋಯಿತು; ಒಂದು ಗಂಟೆ ತಡೆ.

ನುಗ್ಗೆಸೊಪ್ಪು, ಕ್ಯಾರೆಟ್ಟಿನ ಬಣ್ಣದ ಅಂಶ ಮೈಯಲ್ಲಿ ವಿಟಮಿನ್ ಎ ಆಗುತ್ತದೆ, ಆದರೆ ಅದು ಹೀರಿಕೊಳ್ಳಲು ಜಿಡ್ಡು ಬೇಕು. ತೂಕಕ್ಕೆ ಹೆದರಿ ಒಗ್ಗರಣೆಯನ್ನೇ ಬಿಡಬೇಡ, ಒಂದು ಚಮಚ ಎಣ್ಣೆ ಸಾಕು.

ನನಗೆ ಚಿಂತೆಯಿರುವುದು ಬಿ12ರದು. ಮೊದಲೇ ಮೊಟ್ಟೆ ಮಾಂಸ ಮುಟ್ಟುವವಳಲ್ಲ, ಈಗ ಹಾಲು ಮೊಸರೂ ಬಿಟ್ಟಿದ್ದೀಯ. ದಿನಕ್ಕೆ ಬೇಕಾದ್ದು ಎರಡು ಎರಡೂವರೆ ಮೈಕ್ರೋಗ್ರಾಂ ಮಾತ್ರ, ಆದರೆ ಸೊಪ್ಪು, ಕಾಳು, ಧಾನ್ಯ ಯಾವುದರಲ್ಲೂ ಅದು ನೆಚ್ಚುವಷ್ಟು ಸಿಗುವುದಿಲ್ಲ. ಅರ್ಧ ಲೀಟರ್ ಹಾಲಿನಲ್ಲಿ ಹೆಚ್ಚುಕಡಿಮೆ ಅಷ್ಟಿರುತ್ತದೆ. ಹಾಲು ಬೇಡವೆಂದರೆ ಬಿ12 ಮಾತ್ರೆ ಬೇಕೇ ಬೇಕು, ಇದರಲ್ಲಿ ಚೌಕಾಸಿಯಿಲ್ಲ. ಪಿತ್ತಜನಕಾಂಗದಲ್ಲಿ ದಾಸ್ತಾನಿರುವುದರಿಂದ ಕೊರತೆ ವರ್ಷಗಟ್ಟಲೆ ತಿಳಿಯದೇ ಹೋಗಬಹುದು. ಅಂಗಾಲು ಜುಮುಗುಟ್ಟುವುದು, ನಾಲಿಗೆ ಉರಿ, ಮರೆವು ಕಂಡರೆ ತಡಮಾಡಬೇಡ. ಬಿ ಗುಂಪಿನದೇ ಇನ್ನೊಂದಾದ ಫೋಲಿಕ್ ಆಸಿಡ್ ಮಾತ್ರ ನುಂಗಿದರೆ ಬಿ12 ಕೊರತೆಯ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ಒಳಗೆ ನರಗಳು ಕೆಡುತ್ತಲೇ ಇರುತ್ತವೆ.

ವಿಟಮಿನ್ ಡಿಗೆ ಬಿಸಿಲೇ ಮುಖ್ಯ. ಆಫೀಸಿನ ಗಾಜಿನ ಹಿಂದೆ ಕೂತಾಗ ಬೀಳುವ ಬಿಸಿಲು ಲೆಕ್ಕಕ್ಕಿಲ್ಲ, ಬೇಕಾದ ಕಿರಣವನ್ನು ಗಾಜು ತಡೆಯುತ್ತದೆ. ಗೆಳತಿ ಹೇಳಿದಳೆಂದು ವಾರಕ್ಕೊಂದರ 60,000 ಯೂನಿಟ್ಟಿನ ಪುಡಿಯನ್ನು ತಿಂಗಳುಗಟ್ಟಲೆ ನುಂಗಬೇಡ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಪೆಟ್ಟು.

ಈ ವಾರ ಬಿ12, ಡಿ ಎರಡನ್ನೂ ಪರೀಕ್ಷೆ ಮಾಡಿಸಿ ವರದಿಯನ್ನು ಡಾಕ್ಟರಿಗೆ ತೋರಿಸು. ಪರೀಕ್ಷೆಗೆ ರಕ್ತ ಕೊಡುವವರೆಗೆ ಯಾವ ವಿಟಮಿನ್ ಮಾತ್ರೆಯನ್ನೂ ಶುರುಮಾಡಬೇಡ, ಅಂಕಿ ಮೇಲೇರಿ ಕೊರತೆ ಮುಚ್ಚಿಹೋಗುತ್ತದೆ.

ಇಂತಿ,
ದೊಡ್ಡಮ್ಮ